ಅಡಗಿನ ಹೊತ್ತಿನ ಮೋಡ

ನನ್ನ ದನಿ ದೊಡ್ಡದು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬಕ್ಕೇ ಹೇಳಿದೆ ಅಂದುಕೊಂಡರೂ ನನ್ನ ಗಂಟೇನೂ ಹೋಗುವುದಿಲ್ಲ. ನಾಟಕದ ಕಂಪನಿಯಲ್ಲಿ ಇದ್ದಷ್ಟು ಕಾಲ ರಾಕ್ಷಸ, ಸೇನಾಪತಿ, ಹೆಂಡತಿಯನ್ನು ಹೊಡೆಯುವ ಸಾಹುಕಾರ, ಇಂಥವೇ ಪಾತ್ರಗಳು ನನಗೆ ಬಂದವು. ಮೈಕು ಕೈಕೊಟ್ಟ ದಿನ ಮಾಲೀಕರು ಮೊದಲು ಹುಡುಕುತ್ತಿದ್ದದ್ದು ಮೆಕ್ಯಾನಿಕ್ಕನ್ನಲ್ಲ, ಈ ಸಿದ್ಧವೀರಪ್ಪನನ್ನು. ಅಂಥವನು ಹುಟ್ಟಿದ್ದು ಈ ಊರಿನಲ್ಲಿ, ಕಂಪನಿ ಮುಚ್ಚಿದ ಮೇಲೆ ಮರಳಿ ಬಂದು ನೆಲೆನಿಂತದ್ದೂ ಈ ಊರಿನಲ್ಲೇ. ಹಣೆಬರಹ ಅನ್ನದೆ ಇನ್ನೇನನ್ನಲಿ? ನಮ್ಮೂರಲ್ಲಿ ದಿನಾ ಮಧ್ಯಾಹ್ನ ಸದ್ದು ಅಡಗಿಹೋಗುತ್ತದೆ.

ಅದನ್ನು ನಾವು ಅಡಗು ಅನ್ನುತ್ತೇವೆ. ಊಟ ಮುಗಿಸಿ ಕೈ ತೊಳೆಯುವ ಹೊತ್ತಿಗೆ ಬರುತ್ತದೆ. ಚೊಂಬಿನಿಂದ ನೀರು ಬೀಳುತ್ತಲೇ ಇರುತ್ತದೆ, ನೀರಿನ ಸದ್ದು ಮಾತ್ರ ಇರುವುದಿಲ್ಲ. ಒಂದೊಂದು ದಿನ ಒಂದು ಪಾವು ಅಕ್ಕಿ ಬೇಯುವಷ್ಟು ಹೊತ್ತು, ಒಂದೊಂದು ದಿನ ಎಮ್ಮೆಯನ್ನು ಕೆರೆಗೆ ಹೊಡೆದುಕೊಂಡು ಹೋಗಿ ಮೈ ತೊಳೆಸಿ ತರುವಷ್ಟು ಹೊತ್ತು. ಸೈಕಲ್ಲಿನವರು ಇಳಿದು ತಳ್ಳಿಕೊಂಡು ಹೋಗುತ್ತಾರೆ. ಕ್ಷೌರದಂಗಡಿಯವನು ಕತ್ತಿ ಮಡಚಿಟ್ಟು ಕೂರುತ್ತಾನೆ. ಕೂಸುಗಳಿರುವ ತಾಯಂದಿರು ಕೂಸಿನ ಸೊಂಟಕ್ಕೊಂದು ದಾರ ಕಟ್ಟಿ ಇನ್ನೊಂದು ತುದಿಯನ್ನು ತಮ್ಮ ಬೆರಳಿಗೆ ಸುತ್ತಿಕೊಂಡು ಮಲಗುತ್ತಾರೆ. ಜಗಳ ನಡೆಯುತ್ತಿದ್ದರೆ ಅಲ್ಲೇ ನಿಲ್ಲುತ್ತದೆ. ಅಡಗು ಬಿಟ್ಟ ಮೇಲೆ ಯಾವ ಬೈಗುಳದಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಯುತ್ತದೆ.

ಅಡಗು ಬಿಡುತ್ತಿದ್ದಂತೆ ಊರಿಗೆ ಊರೇ ಕೂಗು ಹಾಕುತ್ತದೆ. ಕೂಗುವುದೆಂದರೆ ಬರೀ ಬಾಯಲ್ಲಲ್ಲ. ತಟ್ಟೆ, ಕೊಳಗ, ಅಂಗಡಿಯ ಬಾಗಿಲು, ತಗಡು, ಕೈಗೆ ಸಿಕ್ಕಿದ್ದನ್ನು ಬಡಿಯುತ್ತಾರೆ. ಕಿವಿ ತನ್ನದು ತನಗೆ ವಾಪಸು ಬಂತು ಎಂಬ ಸಂತೋಷ ಅದು. ಇನ್ನೊಂದು ಕಟ್ಟಳೆಯೂ ಇದೆ. ಅಡಗಿನಲ್ಲಿ ನಡೆದದ್ದು ಲೆಕ್ಕಕ್ಕಿಲ್ಲ. ಆ ಹೊತ್ತಿನಲ್ಲಿ ಹೆಣ್ಣು ನೋಡುವುದಿಲ್ಲ, ವ್ಯಾಪಾರ ಕುದುರಿಸುವುದಿಲ್ಲ, ಕೂಸಿಗೆ ಹೆಸರಿಡುವುದಿಲ್ಲ. ಯಾರಾದರೂ ಆ ಹೊತ್ತಿನಲ್ಲಿ ಕೈ ಮುಗಿದರೆ ಅಡಗು ಬಿಟ್ಟ ಮೇಲೆ ಇನ್ನೊಮ್ಮೆ ಮುಗಿಯಬೇಕು.

ನಾನು ಕಲಿಸುವುದು ಮಕ್ಕಳಿಗೆ ನಾಟಕ. ಊರ ನಡುವಿನ ಹಳೇ ರಂಗಮಂದಿರದಲ್ಲಿ ವರ್ಷಕ್ಕೊಂದು ಆಟ. ಆಟ ಮುಗಿದ ಮೇಲೆ ನಾನು ಮುಂದೆ ನಿಂತು ಒಬ್ಬೊಬ್ಬ ಮಗುವಿನ ಹೆಸರು, ಪಾತ್ರ ಕೂಗುತ್ತೇನೆ. ಕೂತ ಜನ ಒಂದೇ ಕೊರಳಲ್ಲಿ "ಕಂಡ್ವಿ" ಅನ್ನುತ್ತಾರೆ. ಅಷ್ಟೇ. ಆದರೆ ಕಂಡ್ವಿ ಅನ್ನಿಸಿಕೊಂಡ ಮಗು ಮಾರನೇ ದಿನದಿಂದ ಬರೀ ಯಾರದೋ ಮನೆಯ ಮಗುವಲ್ಲ, ಊರಿನ ಮನುಷ್ಯ. ಅಂಗಡಿಯವನು ಹೆಸರು ಹಿಡಿದು ಮಾತಾಡಿಸುತ್ತಾನೆ. ದೊಡ್ಡವರು ಕುಶಲ ಕೇಳಿ ಉತ್ತರಕ್ಕೆ ಕಾಯುತ್ತಾರೆ.

ಹೋದ ವರ್ಷ ಕರಿಬಸು ಎಂಬ ಹುಡುಗನನ್ನು ಬಾಗಿಲು ಕಾಯುವ ಭಟನಾಗಿ ಹಾಕಿಕೊಂಡಿದ್ದೆ. ಅವನ ಬೆಳವಣಿಗೆ ನಿಧಾನ, ನಾಲಗೆ ದಪ್ಪ, ಒಂದು ಮಾತು ಹೊರಗೆ ಬರುವಷ್ಟರಲ್ಲಿ ಎದುರಿಗಿದ್ದವರು ಒಂದು ಬೀಡಿ ಸೇದಿ ಮುಗಿಸಬಹುದು. ಅವನ ಅಪ್ಪನ ಕಾಟ ತಾಳಲಾರದೆ ಹಾಕಿಕೊಂಡದ್ದು, ದೊಡ್ಡ ಮನಸ್ಸಿನಿಂದೇನಲ್ಲ. ಅವನು ಭಟನ ಕೆಲಸ ಬಿಟ್ಟು ಒಳಗೆ ಬಂದ ಶತ್ರುಗಳನ್ನೆಲ್ಲ ತಬ್ಬಿಕೊಂಡ. ಜನ ನಕ್ಕು ನಕ್ಕು ಸುಸ್ತಾಗಿ "ಕಂಡ್ವಿ" ಅಂದರು. ಈಗ ಕಬ್ಬಿಣದಂಗಡಿಯವರು ಅವನಿಗೆ ಸ್ಟೂಲು ಹಾಕಿ ಕೂರಿಸಿ ಮಾತಾಡಿಸುತ್ತಾರೆ.

ಅದನ್ನು ನೋಡಿಯೇ ಗಿರಣಿ ಚಿಕ್ಕತಾಯಮ್ಮ ನನ್ನ ಹತ್ತಿರ ಬಂದದ್ದು. ಆಕೆ ಹಿಟ್ಟಿನ ಗಿರಣಿ ನಡೆಸುವವಳು, ಗಂಡ ಇಲ್ಲ. ಮಗಳು ಹೊನ್ನಮ್ಮ, ಹೊನ್ನಿ, ಹನ್ನೊಂದು ವರ್ಷ. ಡಾಕ್ಟರು ಆಟಿಸಂ ಅಂದಿದ್ದರು. ಮಾತು ತೀರಾ ಕಡಿಮೆ, ಯಾರ ಮುಖವನ್ನೂ ನೋಡುವುದಿಲ್ಲ, ಸದ್ದೆಂದರೆ ಆಗದು. ಕುಕ್ಕರಿನ ಶಿಳ್ಳೆಗೂ ಕಿವಿ ಮುಚ್ಚಿಕೊಂಡು ಮೂಲೆ ಸೇರುತ್ತಾಳೆ. ಅಂಥ ಮಗುವಿಗೆ ಗಿರಣಿಯ ಮನೆ. ಅದಕ್ಕೇ ತಾಯಮ್ಮ ಗಿರಣಿ ಹಾಕುವುದು ಅಡಗಿನಲ್ಲಿ ಮಾತ್ರ. ಊರೆಲ್ಲ ಮಲಗಿರುವಾಗ ಆಕೆ ಬೀಸುತ್ತಾಳೆ, ಹೊನ್ನಿ ಹಿಟ್ಟಿನ ಧೂಳಿನ ನಡುವೆ ಗರಗರ ಸುತ್ತುತ್ತಾಳೆ.

"ಮೇಷ್ಟ್ರೇ, ನನ್ನ ಮಗಳನ್ನೂ ಆಟಕ್ಕೆ ಹಾಕ್ಕೊಳಿ," ಅಂದಳು.

"ಸದ್ದೇ ಆಗಲ್ಲ ಅಂತೀಯ. ನಾಟಕ ಅಂದ್ರೆ ಸದ್ದೇ ಅಲ್ವೇನವ್ವ?"

"ಅದು ನಂಗೊತ್ತಿಲ್ಲ. ಅಂಗಡಿ ಬೀದೀಲಿ ಇವಳ ಕೈ ಹಿಡ್ಕಂಡು ಹೋಗ್ತಿದ್ರೆ, ಇವಳ ತಲೆ ಮೇಲೇ ನನ್ನ ಕೇಳ್ತಾರೆ, ಇದಕ್ಕೆ ಊಟ ಆಯ್ತಾ, ಇದು ಹಟ ಮಾಡುತ್ತಾ ಅಂತ. ಇದು ಅಂತಾರೆ ಮೇಷ್ಟ್ರೇ. ಎಮ್ಮೆ ಕರೂಗೂ ಒಂದು ಹೆಸರಿಟ್ಟು ಕರೀತಾರೆ. ನನ್ನ ಮಗಳ ಹೆಸರು ಒಂದ್ಸಲ ಜನದ ಬಾಯಲ್ಲಿ ಬರ್ಲಿ. ಆಮೇಲೆ ನಾನೇನೂ ಕೇಳಲ್ಲ."

ಹಾಕಿಕೊಂಡೆ. ನನ್ನ ಬುದ್ಧಿಗೆ ಹೊಳೆದದ್ದು ಮರದ ಪಾತ್ರ. ಹಿಂದೆ ನಿಂತರೆ ಆಯಿತು, ಕೈಯಲ್ಲೆರಡು ಸೊಪ್ಪು ಕೊಟ್ಟರೆ ಆಯಿತು. ಈ ವರ್ಷದ ಕಥೆ ನಾನೇ ಕಟ್ಟಿದ್ದು: ಒಬ್ಬ ರಾಜ ಆಕಾಶದಲ್ಲಿದ್ದ ಒಂದೇ ಮೋಡವನ್ನು ಹಿಡಿದು ಪೆಟ್ಟಿಗೆಗೆ ಹಾಕುತ್ತಾನೆ, ನಾಡು ಬಾಯಾರುತ್ತದೆ, ಕೊನೆಗೆ ಮೋಡ ಬಿಡುಗಡೆಯಾಗಿ ಮಳೆ ಬರುತ್ತದೆ. ಕರಿಬಸು ಈ ಸಲ ರಾಜ. ಮಂತ್ರಿ ಶಶಿರೇಖಾ, ಚುರುಕು ಹುಡುಗಿ, ತನ್ನ ಮಾತಲ್ಲದೆ ಉಳಿದವರ ಮಾತನ್ನೂ ತಾನೇ ಹೇಳಿಬಿಡುವ ಜಾತಿ. ಮೊದಲ ದಿನ ರಾಜ ಹೇಗೆ ಗರ್ಜಿಸಬೇಕು ಎಂದು ಕರಿಬಸುಗೆ ತೋರಿಸಲು ನಾನೊಮ್ಮೆ ಗರ್ಜಿಸಿದೆ. ಹೊನ್ನಿ ಕೈಯಲ್ಲಿದ್ದ ಸೊಪ್ಪು ಎಸೆದು ಬೆಂಚಿನ ಕೆಳಗೆ ಹೊಕ್ಕವಳು ತನ್ನ ಕೈಯನ್ನು ತಾನೇ ಕಚ್ಚಿಕೊಂಡಳು. ರಕ್ತ ಬಂತು. ಸಾವಿರ ಜನರಿಂದ ಚಪ್ಪಾಳೆ ಗಿಟ್ಟಿಸಿದ ದನಿ ಅದು; ನನಗೆ ಅವಮಾನವೇ ಆಯಿತು, ಸುಳ್ಳು ಹೇಳುವುದಿಲ್ಲ.

ಆಗ ಕರಿಬಸು ರಾಜನ ಕಿರೀಟ ಹಾಕಿಕೊಂಡೇ ಹೋಗಿ ಬೆಂಚಿನ ಪಕ್ಕದಲ್ಲಿ ನೆಲದ ಮೇಲೆ ಕೂತ. ತನ್ನ ಕಿವಿಯನ್ನೂ ಮುಚ್ಚಿಕೊಂಡ. "ಏಳೋ, ನಿನ್ನ ಮಾತು ಬಂತು," ಅಂದೆ. ಅವನು ಏಳಲಿಲ್ಲ. ತುಂಬ ಹೊತ್ತು ಕಷ್ಟಪಟ್ಟು, "ಹೊನ್ನಿ ಕೂತವ್ಳೆ," ಅಂದ. ಅವಳು ಕೂತಿರುವಾಗ ಆಟ ನಡೆಯುವುದಾದರೂ ಹೇಗೆ ಎಂಬಂತೆ ನನ್ನನ್ನು ನೋಡಿದ. ಮಿಕ್ಕ ಮಕ್ಕಳಿಗೆ ಇದು ಆಟದ ಒಂದು ಕಟ್ಟಳೆಯಂತೆ ಕಂಡಿತು. ಒಬ್ಬೊಬ್ಬರಾಗಿ ಬಂದು ಕೂತು ಕಿವಿ ಮುಚ್ಚಿಕೊಂಡರು. ಶಶಿರೇಖಾ ಕೊನೆಗೆ ಗೊಣಗಿಕೊಂಡು ಕೂತಳು. ಅಂದಿನಿಂದ ಹೊನ್ನಿ ಕೂತರೆ ಎಲ್ಲರೂ ಕೂರುವುದು, ಅವಳು ಎದ್ದರೆ ಏಳುವುದು ರೂಢಿಯಾಯಿತು. ನಾನು ಒಬ್ಬನೇ ನಿಂತಿರುವುದು ಚೆನ್ನಾಗಿ ಕಾಣದೆ ನಾನೂ ಕೂರತೊಡಗಿದೆ. ಈ ಮಂಡಿಗಳಿಗೆ ಅದೆಷ್ಟು ಕಷ್ಟ ಎಂದು ಮಕ್ಕಳಿಗೇನು ಗೊತ್ತು.

ಒಂದು ದಿನ ತಾಲೀಮು ಬೇಗ ಶುರುವಾಗಿ ಅಡಗಿನೊಳಗೆ ಸಿಕ್ಕಿಕೊಂಡಿತು. ನಾನು ಕಂಬಕ್ಕೊರಗಿ ತೂಕಡಿಸುತ್ತಿದ್ದೆ. ಕಣ್ಣು ಬಿಟ್ಟರೆ ಹೊನ್ನಿ ರಂಗದ ನಡುವೆ ಇದ್ದಳು. ಬೆಂಚಿನ ಕೆಳಗಿನಿಂದ ಯಾವಾಗ ಬಂದಳೋ. ಪರದೆಯ ಹಿಂದೆ ಬಿದ್ದಿದ್ದ ಹಳೇ ಬಿಳಿ ಪಂಚೆಯನ್ನು ಎರಡೂ ತೋಳಿಗೆ ಸುತ್ತಿಕೊಂಡು ನಡೆಯುತ್ತಿದ್ದಳು. ನಡೆಯುತ್ತಿದ್ದಳು ಅನ್ನುವುದೂ ತಪ್ಪೇ. ಹೊತ್ತೊಯ್ಯುವವರು ಯಾರೋ ಇದ್ದಾರೆ, ತನಗೇನೂ ಅವಸರವಿಲ್ಲ ಅನ್ನುವ ಹಾಗೆ ರಂಗದ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗುತ್ತಿದ್ದಳು. ಪೆಟ್ಟಿಗೆಯ ಹತ್ತಿರ ಬಂದಾಗ ಮುದುಡಿದಳು. ಆಮೇಲೆ ಬಿಚ್ಚಿಕೊಂಡಳು. ಮೋಡದ ಪಾತ್ರ ನಾನು ಹೇಳಿಕೊಟ್ಟದ್ದು ಬೇರೊಬ್ಬ ಹುಡುಗಿಗೆ, ಅವಳು ವಾರದಿಂದ ಕೈ ಕಾಲು ಎತ್ತಿ ಇಳಿಸಿ ಬಳಲುತ್ತಿದ್ದಳು. ಆ ಹುಡುಗಿಯೇ ಹೋಗಿ ನೀರಿನ ಚೊಂಬನ್ನೂ ಮಾವಿನ ಸೊಪ್ಪನ್ನೂ ತಂದು ಹೊನ್ನಿಯ ಮುಂದಿಟ್ಟಳು. ಹೊನ್ನಿ ಸೊಪ್ಪು ಅದ್ದಿ ಅಲ್ಲಿದ್ದ ಮಕ್ಕಳ ತಲೆಯ ಮೇಲೆ ಒಬ್ಬೊಬ್ಬರಿಗೆ ಹನಿ ಹಾಕಿದಳು. ಯಾರನ್ನೂ ಬಿಡಲಿಲ್ಲ, ಕಂಬದ ಹತ್ತಿರ ಬಂದು ನನ್ನ ಬೋಳುತಲೆಗೂ ಹಾಕಿದಳು. ಹೊಗಳೋಣ ಅಂತ ಬಾಯಿ ತೆರೆದೆ. ಅಡಗಿನಲ್ಲಿ ನನ್ನ ದನಿಗೂ ಬೆಲೆಯಿಲ್ಲ.

ಎಲ್ಲಕ್ಕೂ ಪರಿಹಾರ ಸಿಕ್ಕಿತು ಅಂದುಕೊಂಡೆ. ಈ ಸಲದ ಆಟ ಅಡಗಿನಲ್ಲೇ ಆಡೋಣ, ಮಾತಿಲ್ಲದ ಆಟ. ರಂಗಮಂದಿರದ ಅಧ್ಯಕ್ಷ ಪಾಲಾಕ್ಷಯ್ಯನವರು ಕೂಡಲೇ ಒಪ್ಪಿದರು. "ಪಾಪ, ಆ ಮಕ್ಕಳಿಗೂ ಒಂದು ಸಂತೋಷ ಆಗ್ಲಿ. ಸಾಯಂಕಾಲಕ್ಕೆ ಬೇರೆ ನಾಟಕ ಇಟ್ಕೊಂಡ್ರಾಯ್ತು," ಅಂದರು. ಆ ಮಾತಿನ ರುಚಿ ನನಗೆ ಆಗ ಗೊತ್ತಾಗಲಿಲ್ಲ. ಸಿಹಿ ಸುದ್ದಿ ಹೊತ್ತು ಗಿರಣಿಗೆ ಹೋದೆ. ಅಡಗು ಬಿಟ್ಟು, ಗಿರಣಿ ನಿಲ್ಲಿಸಿ, ತಾಯಮ್ಮ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ನಾನು ಹೇಳಿ ಮುಗಿಸುವ ತನಕ ಕೈ ನಿಲ್ಲಿಸಲಿಲ್ಲ.

"ಬೇಡ," ಅಂದಳು.

"ಯಾಕವ್ವ? ಅವಳು ಹೆಂಗೆ ಆಡಿದ್ಲು ಅಂತ ನೀನು ನೋಡಿಲ್ಲ."

"ನಾನು ದಿನಾ ನೋಡ್ತೀನಿ. ಅಡಗಲ್ಲಿ ಅವಳು ಹೆಂಗಿರ್ತಾಳೆ ಅಂತ ನನಗೆ ನೀವು ಹೇಳ್ಬೇಕಾ?" ಜರಡಿ ಕೆಳಗಿಟ್ಟಳು. "ನನ್ನ ಹಿಟ್ಟು ಯಾರೂ ಮದುವೆ ಮನೆಗೆ ಒಯ್ಯಲ್ಲ ಮೇಷ್ಟ್ರೇ, ಅಡಗಲ್ಲಿ ಬೀಸಿದ್ದು ಅಂತ. ದಿನದ ರೊಟ್ಟಿಗಾದ್ರೆ ಆಗುತ್ತೆ. ನಾನು ಸುಮ್ನಿದೀನಿ. ಮಗಳನ್ನೂ ಹಂಗೇ ಮಾಡ್ಬೇಡಿ. ಲೆಕ್ಕಕ್ಕಿಲ್ಲದ ಹೊತ್ತಲ್ಲಿ ನಿಲ್ಸಿ, ಆಯ್ತು ಹೋಗು ಅನ್ನೋದಕ್ಕಿಂತ ಬೆಂಚಿನ ಕೆಳಗೇ ಇರ್ಲಿ ಬಿಡಿ."

ಎದ್ದು ಬಂದೆ. ಸಿಟ್ಟು ಬಂದಿತ್ತು, ಯಾಕೆಂದರೆ ಆಕೆ ಹೇಳಿದ್ದು ಸರಿಯಾಗಿತ್ತು. ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡು ಹೋದವನಿಗೆ ನೀನು ಮಾಡುತ್ತಿರುವುದು ಉಪಕಾರವಲ್ಲ ಅಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಎರಡು ದಿನ ಆಕೆಯನ್ನು ಮನಸ್ಸಿನಲ್ಲೇ ಬೈದೆ. ಮೂರನೇ ದಿನ ಹೋಗಿ, "ಅಡಗಲ್ಲಿ ಶುರು ಮಾಡೋಣ, ಅಡಗು ಬಿಟ್ಟ ಮೇಲೆ ಮುಗ್ಸೋಣ. ಮಳೆ ಬರೋದು ಸದ್ದಿನ ಹೊತ್ತಲ್ಲಿ. ಹೆಸರು ಕರೆಯೋದೂ ಸದ್ದಿನಲ್ಲೇ. ಸರಿಯಾ?" ಅಂದೆ.

ತಾಯಮ್ಮ ಕೈಯ ಹಿಟ್ಟು ಕೊಡವಿಕೊಂಡಳು. "ನಡೂವೆ ಕೂಗು ಬರುತ್ತಲ್ಲ," ಅಂದಳು.

ಅದೇ ತೊಡಕು. ಅಡಗಿನಿಂದ ಸದ್ದಿಗೆ ದಾಟಬೇಕಾದರೆ ಕೂಗನ್ನು ದಾಟಬೇಕು. ಜನ ಕೂಗದೆ ಇರಬೇಕು ಎಂದು ಪಾಲಾಕ್ಷಯ್ಯನವರಿಗೆ ಹೇಳಿದಾಗ ಅವರು ನನ್ನ ತಲೆ ನೆಟ್ಟಗಿದೆಯೇ ಎಂದು ನೋಡಿದರು. "ಕೂಗದೆ ಇದ್ರೆ ಕಿವಿ ಬಂತೋ ಇಲ್ವೋ ಅಂತ ಗೊತ್ತಾಗೋದು ಹೆಂಗ್ರೀ? ನಮ್ಮಪ್ಪ ಸಾಯೋ ದಿನಾನೂ ಕೂಗು ಹಾಕಿ ಸತ್ತೋನು," ಅಂದರು. ಅವರದು ಮೊಂಡುತನ ಅಲ್ಲ, ಭಯ. ನಮ್ಮೂರಲ್ಲಿ ಎಲ್ಲರಿಗೂ ಒಳಗೊಳಗೆ ಇರುವ ಭಯ, ಇವತ್ತು ಹೋದ ಸದ್ದು ಬರದೇ ಹೋದರೆ ಅಂತ. ನಾನು ಮನೆ ಮನೆಗೆ ಹೋದೆ. ಶಶಿರೇಖಾ ಮತ್ತು ಕರಿಬಸು ನನ್ನ ಜೊತೆ ಬಂದರು. ಕೆಲವರು ನಕ್ಕರು, ಕೆಲವರು ನೋಡೋಣ ಅಂದರು. ಒಬ್ಬ ಮುದುಕಿ, "ಬಾಯಿಗೆ ಸೆರಗು ತುರುಕ್ಕಂಡು ಕೂತ್ಕತೀನಿ ಹೋಗಪ್ಪ," ಅಂದಳು. ಬೇಡ ಎಂದು ಮುಖದ ಮೇಲೆ ಹೇಳುವುದು ಕರಿಬಸುವಿನ ಮುಂದೆ ಯಾರಿಗೂ ಆಗಲಿಲ್ಲ, ಅವನು ಮೊದಲೇ ತಬ್ಬಿಕೊಂಡುಬಿಡುತ್ತಿದ್ದ.

ಆಟದ ದಿನ ರಂಗಮಂದಿರ ತುಂಬಿತು. ಮಾತಿಲ್ಲದ ನಾಟಕ ಹೇಗಿರುತ್ತದೆ ಎಂಬ ಕುತೂಹಲಕ್ಕೆ ಬಂದವರೇ ಹೆಚ್ಚು. ತಾಯಮ್ಮ ಕೊನೆಯ ಸಾಲಿನ ಹಿಂದೆ ಬಾಗಿಲಿಗೆ ಒರಗಿ ನಿಂತಿದ್ದಳು; ಅಂದು ಗಿರಣಿ ಹಾಕಿರಲಿಲ್ಲ. ಅಡಗು ಬಂತು, ಪರದೆ ಸರಿಯಿತು. ರಾಜ ಕರಿಬಸು ಬಂದು ಎಲ್ಲರಿಗೂ ಕೈ ಮುಗಿದ, ಅದು ಪಾತ್ರದಲ್ಲಿರಲಿಲ್ಲ. ಆಮೇಲೆ ಮೋಡ ಬಂತು. ಅಡಗಿನಲ್ಲಿ ಜನ ಗುಸುಗುಸು ಅನ್ನಲಾರರು, ಆದರೆ ಕೂತವರ ಬೆನ್ನು ನೆಟ್ಟಗಾಗುವುದು ಪಕ್ಕದ ಪರದೆಯ ಸಂದಿಯಿಂದ ನನಗೆ ಕಂಡಿತು. ಹೊನ್ನಿ ಯಾರ ಮುಖವನ್ನೂ ನೋಡಲಿಲ್ಲ. ಮೋಡ ಯಾಕೆ ನೋಡಬೇಕು? ರಾಜ ಅವಳನ್ನು ಹಿಡಿದು ಪೆಟ್ಟಿಗೆಯಲ್ಲಿ ಕೂರಿಸಿದಾಗ ಮುಂದಿನ ಸಾಲಿನ ಮುದುಕಿ ಕಣ್ಣೊರೆಸಿಕೊಂಡಳು. ಮುಂದೆ ನಾಡು ಬಾಯಾರುವ ದೃಶ್ಯ. ಅಡಗು ಬಿಡುವ ತನಕ ಅದನ್ನು ಎಳೆಯಬೇಕೆಂದು ಹೇಳಿಕೊಟ್ಟಿದ್ದೆ. ಮಕ್ಕಳು ಪಾಪ ಬಾಯಾರಿದರು, ಬಾಯಾರಿದರು, ಬಾಯಾರುತ್ತಲೇ ಇದ್ದರು. ಮೋಡ ಪೆಟ್ಟಿಗೆಯಿಂದ ಹೊರಗೆ ಕಾಲಿಟ್ಟಾಗ ತಲೆಯ ಮೇಲಿನ ಫ್ಯಾನಿನ ಕಿರಕಿರ ನನ್ನ ಕಿವಿಗೆ ಬಿತ್ತು. ಅಡಗು ಬಿಟ್ಟಿತ್ತು.

ಯಾರೂ ಕೂಗಲಿಲ್ಲ. ನನ್ನ ಜನ್ಮದಲ್ಲಿ ಮೊದಲ ಸಲ ಅಡಗು ಬಿಟ್ಟೂ ನಮ್ಮವರು ಬಾಯಿ ಮುಚ್ಚಿ ಕೂತದ್ದನ್ನು ಕಂಡೆ. ಪಾಲಾಕ್ಷಯ್ಯನವರು ಟವೆಲನ್ನು ಬಾಯಿಗೆ ಒತ್ತಿ ಹಿಡಿದಿದ್ದರು, ಕಣ್ಣುಗುಡ್ಡೆ ಹೊರಬಂದಿತ್ತು. ಹಿಗ್ಗಿಹೋದೆ. ಅಷ್ಟರಲ್ಲಿ ಹೊರಗಿನಿಂದ ಬಂತು. ಊರೆಲ್ಲ ಒಳಗಿದೆ ಅಂದುಕೊಂಡು ನಾನು ಸಂತೆಮಾಳವನ್ನು ಮರೆತಿದ್ದೆ. ಅಲ್ಲಿನ ಪಾತ್ರೆ ಅಂಗಡಿಗಳು, ತಗಡಿನ ಅಂಗಡಿಗಳು, ಲಾರಿಯವರು ಎಲ್ಲ ಒಟ್ಟಿಗೆ ಕೂಗು ಹಾಕಿದರು. ನಮ್ಮ ಗೋಡೆಗಳು ನಡುಗಿದವು.

ಹೊನ್ನಿ ರಂಗದ ನಡುವೆ ಕುಸಿದು ಕೂತು ಕಿವಿ ಮುಚ್ಚಿಕೊಂಡಳು. ಪಂಚೆ ಮುಖದ ಮೇಲೆ ಬಿತ್ತು. ಕರಿಬಸು ಸಿಂಹಾಸನದಿಂದ ಇಳಿದು ಬಂದು ಪಕ್ಕದಲ್ಲಿ ಕೂತು ತನ್ನ ಕಿವಿ ಮುಚ್ಚಿದ. ಮಂತ್ರಿ ಕೂತಳು, ಭಟರು ಕೂತರು, ಬಾಯಾರಿದ ಪ್ರಜೆಗಳು ಕೂತರು. ಸಭೆಯವರು ಇದೂ ಕಥೆಯೇ ಇರಬೇಕೆಂದು ನೋಡಿದರು. ಕೂಗು ನಿಂತಿತು. ಹೊನ್ನಿ ಏಳಲಿಲ್ಲ. ಇನ್ನಷ್ಟು ಹೊತ್ತಾಯಿತು. ಏಳಲಿಲ್ಲ. ಪಾಲಾಕ್ಷಯ್ಯನವರು ಮುಗಿಸಿ ಎಂದು ನನಗೆ ಕೈಸನ್ನೆ ಮಾಡಿದರು. ಜನ ಎದ್ದು ಹೋಗುವ ಮುಂಚೆ ಹೆಸರಾದರೂ ಕರೆದುಬಿಡೋಣ, ಸದ್ದಿನ ಹೊತ್ತು ಬಂದಿದೆ, ಸೋತ ಆಟವಾದರೂ ಕಂಡ್ವಿ ಅನ್ನಲಿ ಅಂದುಕೊಂಡು ರಂಗದ ಮೇಲೆ ಹೋದೆ. ಬಾಯಿ ತೆರೆದೆ.

ಕರಿಬಸು ಎದ್ದು ಬಂದು ತನ್ನ ದಪ್ಪ ಅಂಗೈಯನ್ನು ನನ್ನ ಬಾಯಿಗೆ ಅಡ್ಡ ಇಟ್ಟ. ಎಲ್ಲರೂ ಕಾದರು, ಅವನ ಮಾತಿಗೆ ಕಾಯುವುದು ಊರಿಗೆ ರೂಢಿಯಾಗಿತ್ತು. "ಇನ್ನೂ," ಅಂದ. ಉಸಿರೆಳೆದ. "ಮಳೆ ಬಂದಿಲ್ಲ, ಮೇಷ್ಟ್ರೇ."

ನನ್ನ ಕೈ ಹಿಡಿದು ಕೆಳಗೆ ಜಗ್ಗಿದ. ಕೂತೆ. ಕಿವಿ ಮುಚ್ಚಿಕೊಂಡೆ. ಸಭೆಯ ಕಡೆ ತಿರುಗಿ ನೋಡಿದರೆ ಮುಂದಿನ ಸಾಲಿನ ಮುದುಕಿ ಸೆರಗನ್ನು ಬಾಯಿಂದ ತೆಗೆದು ಕಿವಿ ಮುಚ್ಚಿಕೊಂಡಿದ್ದಳು. ಅವಳ ಪಕ್ಕದವರು, ಅವರ ಹಿಂದಿನವರು. ಯಾರೂ ಹೇಳಿಕೊಟ್ಟಿರಲಿಲ್ಲ. ಎಷ್ಟು ಹೊತ್ತು ಹಾಗೆ ಇದ್ದೆವೋ ತಿಳಿಯದು, ನನ್ನ ಮಂಡಿ ಮರಗಟ್ಟಿತ್ತು. ಹೊನ್ನಿಯ ಒಂದು ಕೈ ಕಿವಿಯಿಂದ ಇಳಿಯಿತು. ಸ್ವಲ್ಪ ಕಾದು ಇನ್ನೊಂದು ಇಳಿಯಿತು. ಎದ್ದಳು. ಪಂಚೆ ಸರಿಮಾಡಿಕೊಂಡು ಚೊಂಬನ್ನೂ ಸೊಪ್ಪನ್ನೂ ತೆಗೆದುಕೊಂಡಳು. ಮಕ್ಕಳಿಗೆಲ್ಲ ಹನಿ ಹಾಕಿದಳು. ಆಟ ಅಲ್ಲಿಗೆ ಮುಗಿಯಬೇಕಿತ್ತು. ಅವಳು ಮೆಟ್ಟಿಲು ಇಳಿದು ಸಭೆಯೊಳಗೆ ಹೋದಳು.

ಅವಳ ಲೆಕ್ಕದಲ್ಲಿ ಅವರೂ ಬಾಯಾರಿದವರೇ ಇರಬೇಕು. ಸಾಲು ಸಾಲಾಗಿ, ಒಂದು ತಲೆಯನ್ನೂ ಬಿಡದೆ, ಅದ್ದಿ ಅದ್ದಿ ಹನಿ ಹಾಕುತ್ತ ಹೋದಳು. ಗಂಡಸರು ಟೋಪಿ ತೆಗೆದರು. ಪಾಲಾಕ್ಷಯ್ಯನವರು ತಲೆ ಬಗ್ಗಿಸಿದರು. ನೀರು ಮುಗಿದಾಗ ಶಶಿರೇಖಾ ಓಡಿಹೋಗಿ ಚೊಂಬು ತುಂಬಿಸಿ ತಂದಳು, ಒಂದು ಮಾತೂ ಆಡಲಿಲ್ಲ. ಹೊನ್ನಿ ಕೊನೆಯ ಸಾಲು ಮುಗಿಸಿ ಬಾಗಿಲ ಹತ್ತಿರ ಹೋಗಿ ತಾಯಮ್ಮನ ಮುಂದೆ ನಿಂತಳು. ಸೊಪ್ಪು ಅದ್ದಿದಳು, ಹನಿ ಹಾಕಿದಳು, ತಿರುಗಿ ರಂಗಕ್ಕೆ ಬಂದಳು.

ಆಮೇಲೆ ಹೆಸರು ಕರೆದೆ. ಈ ಗಂಟಲಲ್ಲಿ ಅಷ್ಟು ಸಣ್ಣ ದನಿ ಇದೆಯೆಂದು ನನಗೇ ಗೊತ್ತಿರಲಿಲ್ಲ. ಹೊನ್ನಮ್ಮ, ಮೋಡ, ಅಂದೆ. ತೊಟ್ಟಿಲಲ್ಲಿ ಮಲಗಿದ ಕೂಸು ಏಳದಂತೆ ಮಾತಾಡುತ್ತೇವಲ್ಲ, ಅಷ್ಟು ಮೆಲ್ಲಗೆ ಅಷ್ಟೂ ಜನ "ಕಂಡ್ವಿ" ಅಂದರು. ಹೊನ್ನಿ ಕಿವಿ ಮುಚ್ಚಿಕೊಳ್ಳಲಿಲ್ಲ. ನನಗೆ ಅಳು ಬಂತು, ಅತ್ತುಬಿಟ್ಟೆ.

ತಾಯಮ್ಮನ ತುಟಿ ಮಾತ್ರ ಅಲ್ಲಾಡಿರಲಿಲ್ಲ. ಅದು ನನ್ನ ಕಣ್ಣಿಗೆ ಬಿದ್ದಿತ್ತು. ಇಷ್ಟೆಲ್ಲ ಮಾಡಿಸಿದವಳು ಒಂದು ಕಂಡ್ವಿ ಅನ್ನಬಾರದೇ? ಜನ ಕರಗಿದ ಮೇಲೆ ಹೋಗಿ ಕೇಳಿಯೇಬಿಟ್ಟೆ. "ಎಲ್ಲಾರೂ ಅಂದ್ರು. ನೀನ್ಯಾಕೆ ಅನ್ಲಿಲ್ಲ ತಾಯಮ್ಮ?"

ಆಕೆಯ ಕೂದಲಲ್ಲಿ ನೀರು ಇನ್ನೂ ಆರಿರಲಿಲ್ಲ. "ನಾನೆಲ್ಲಿ ಕಂಡೆ ಮೇಷ್ಟ್ರೇ ನನ್ನ ಮಗಳನ್ನ?" ಅಂದಳು. "ಅವಳು ಬತ್ತಾಳೆ ಬತ್ತಾಳೆ ಅಂತ ಬಾಗಿಲಲ್ಲಿ ಕಾಯ್ತಾ ನಿಂತಿದ್ದೆ. ಬಂದಿದ್ದು ಮೋಡ. ಎಲ್ಲಾರ್ಗೂ ಹಾಕ್ದಂಗೆ ನನಗೂ ಒಂದು ಹನಿ ಹಾಕ್ತು, ಹೋಯ್ತು. ನನ್ನ ಗುರುತೇ ಹಿಡೀಲಿಲ್ಲ."

ಹೇಳುತ್ತ ನಕ್ಕಳು. ಇಷ್ಟು ವರ್ಷ ಬಣ್ಣ ಹಚ್ಚಿದವನು ನಾನು. ನನ್ನ ಹೆತ್ತ ತಾಯಿ ಮುಂದಿನ ಸಾಲಿನಲ್ಲಿ ಕೂತು ನಾನು ಯಾವ ರಾಕ್ಷಸನಾಗಿ ಬಂದರೂ ಪಕ್ಕದವರಿಗೆ, ನಮ್ಮ ವೀರ ಬಂದ ನೋಡಿ, ಅನ್ನುತ್ತಿದ್ದಳು. ನನಗೆ ಆ ಹುಡುಗಿಯ ಮೇಲೆ ನಿಜವಾಗಿಯೂ ಹೊಟ್ಟೆಕಿಚ್ಚಾಯಿತು.